ನೆಲದ ಮೇಲಿನ ಮೂರನೇ ಬಾವಿ

ಆ ಚಳಿಗಾಲದಲ್ಲಿ ಶುಕ್ರವಾರ ಬಂತೆಂದರೆ ನಮ್ಮ ಮನೆಯಲ್ಲಿ ಊಟಕ್ಕೆ ಕೂರಲು ಜಾಗ ಇರುತ್ತಿರಲಿಲ್ಲ. ಅಬುಧಾಬಿಯ ಬನಿಯಾಸ್‌ನಲ್ಲಿ ಒಂದು ಹಳೆಯ ವಿಲ್ಲಾಕ್ಕೆ ನಡುನಡುವೆ ಜಿಪ್ಸಮ್ ಗೋಡೆ ನಿಲ್ಲಿಸಿ, ಐದು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂದಿನ ಪಾಲು ನಮ್ಮದು. ಒಂದು ದೊಡ್ಡ ಕೋಣೆ, ಒಂದು ಬಚ್ಚಲು, ಪಕ್ಕದವರ ಜೊತೆ ಹಂಚಿಕೊಂಡ ಅಡುಗೆಮನೆ. ಮಲಗುವುದು, ಉಣ್ಣುವುದು, ಓದುವುದು, ಜಗಳವಾಡುವುದು ಎಲ್ಲವೂ ಆ ಒಂದೇ ಕೋಣೆಯಲ್ಲಿ. ಅದರ ನೆಲಕ್ಕೆ ಬೂದು ಬಣ್ಣದ ಚೌಕದ ಟೈಲ್ಸ್ ಹಾಕಿದ್ದರು. ಶುಕ್ರವಾರ ರಜೆ. ಅಪ್ಪ ಬೆಳಗಿನ ಚಹಾ ಮುಗಿಸಿ ಚಾಪೆ, ಹಾಸಿಗೆ, ನನ್ನ ಪುಸ್ತಕದ ಚೀಲ ಎಲ್ಲವನ್ನೂ ಮಂಚದ ಮೇಲೆ ಒಟ್ಟುತ್ತಿದ್ದ. ಲುಂಗಿ ಎತ್ತಿ ಕಟ್ಟಿ, ಚಾಕ್‌ಪೀಸು ಹಿಡಿದು, ಮೊಣಕಾಲೂರಿ ಕೂತನೆಂದರೆ ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಒಂದು ಕಲ್ಲಿದ್ದಲು ಗಣಿ ಎದ್ದಿರುತ್ತಿತ್ತು. ಬಾಗಿಲ ಬಳಿ ಕೆಳಗಿಳಿಯುವ ಬಾಯಿ, ಮಂಚದ ಕಾಲಿನ ಹತ್ತಿರ ನೀರೆತ್ತುವ ಪಂಪು, ಫ್ರಿಜ್ಜಿನ ಕಡೆಗೆ ಪೂರ್ವ ದಿಕ್ಕು. ಅವ್ವ ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ಎಲ್ಲಿ ಕಾಲಿಡಬೇಕೆಂದು ತಿಳಿಯದೆ ಹೊಸ್ತಿಲಲ್ಲೇ ನಿಲ್ಲುತ್ತಿದ್ದಳು. ಮೂವರೂ ಮಂಚ ಹತ್ತಿ, ಹಾಸಿಗೆಯ ರಾಶಿಗೆ ಬೆನ್ನು ಕೊಟ್ಟು ಉಣ್ಣುತ್ತಿದ್ದೆವು.

ಅಡುಗೆಮನೆ ಹಂಚಿಕೊಂಡಿದ್ದವರು ಉಡುಪಿ ಕಡೆಯ ಗುಲಾಬಿ ಆಂಟಿ. ಒಂದು ಒಲೆಯ ಮೇಲೆ ಅವರ ಮೀನು, ಇನ್ನೊಂದರ ಮೇಲೆ ನಮ್ಮ ಜೋಳದ ರೊಟ್ಟಿ. ಅವರು ತುಳುವಿನಲ್ಲಿ ಬೈಯುತ್ತಾರೆ, ಅವ್ವ ಕಲಬುರಗಿ ಮಾತಿನಲ್ಲಿ ಬೈಯುತ್ತಾಳೆ. ಇಬ್ಬರಿಗೂ ಇನ್ನೊಬ್ಬರ ಬೈಗುಳ ತಿಳಿಯದ್ದರಿಂದ ಸ್ನೇಹ ಗಟ್ಟಿಯಾಗಿತ್ತು. ಒಂದು ಶುಕ್ರವಾರ ಆಂಟಿ ಸಾರಿನ ಪಾತ್ರೆ ಹಿಡಿದು ಬಂದವರು ನೆಲ ನೋಡಿ ನಕ್ಕುಬಿಟ್ಟರು.

"ಎಂತ ಮಾರಾಯ್ತಿ ಇದು? ನಮ್ಮಲ್ಲಿ ಹೆಂಗಸರು ರಂಗೋಲಿ ಹಾಕುದು. ನಿಮ್ಮಲ್ಲಿ ಗಂಡಸರಿಗಾ ಆ ಡ್ಯೂಟಿ?"

"ರಂಗೋಲಿ ಆಗಿದ್ರ ಕಸಬರಗಿಲಿಂದ ಗುಡಿಸಿದ್ರ ಹೋಗ್ತಿತ್ತು ಗುಲಾಬಿ. ಇದು ಹೋಗಂಗಿಲ್ಲ," ಎಂದಳು ಅವ್ವ. ಅವಳು ನಗಲಿಲ್ಲ.

ಆ ಗಣಿ ಇದ್ದದ್ದು ನಲ್ಲವಾಗು ಎಂಬಲ್ಲಿ, ಬೀದರಿನ ಗಡಿ ದಾಟಿ ತೆಲುಗು ಸೀಮೆಯೊಳಗೆ ಬಹಳ ದೂರ ಹೋದ ಮೇಲೆ. ಅಪ್ಪನ ಅಪ್ಪ, ನಮ್ಮ ಮುತ್ಯಾ, ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋದವನು. ಅಪ್ಪ ಹುಟ್ಟಿದ್ದು, ಬೆಳೆದದ್ದು ಅಲ್ಲಿನ ಕೂಲಿಕಾರರ ಕ್ವಾರ್ಟರ್ಸಿನಲ್ಲೇ. ಆ ಸೀಮೆಯವರು ಗಣಿಗೆ ಗಣಿ ಎನ್ನುವುದಿಲ್ಲ, ಬಾವಿ ಎನ್ನುತ್ತಾರೆ. ಒಂದನೇ ಬಾವಿ ತೋಡಿಸಿದ್ದು ಬಿಳಿಯ ಸಾಹೇಬರಂತೆ. ಆಗ ಗಂಡ ಪಿಕಾಸಿಯಿಂದ ಕಡಿದದ್ದನ್ನು ಹೆಂಡತಿ ಬುಟ್ಟಿಯಲ್ಲಿ ಹೊರುತ್ತಿದ್ದಳಂತೆ. ಕೆಳಗೇ ಕುದುರೆಗಳ ಲಾಯವಿತ್ತಂತೆ. ವರ್ಷಕ್ಕೊಮ್ಮೆ ಮೇಲೆ ತಂದರೆ ಅವು ಬಿಸಿಲಿಗೆ ಕಣ್ಣು ಬಿಡಲಾರದೆ ನಿಂತಲ್ಲೇ ನಿಲ್ಲುತ್ತಿದ್ದವಂತೆ. ಆಮೇಲೆ ಹೆಂಗಸರು ಕೆಳಗಿಳಿಯಬಾರದೆಂದು ಕಾನೂನು ಬಂತು, ಕುದುರೆಗಳ ಬದಲು ತಂತಿಹಗ್ಗದ ಮೇಲೆ ಓಡುವ ಡಬ್ಬಿಗಳು ಬಂದವು, ಸಾಹೇಬರು ಹೋಗಿ ಸರ್ಕಾರ ಬಂತು. ಸರ್ಕಾರದ ಜೊತೆ ಆಸ್ಪತ್ರೆ, ಸಾಲುಮನೆ, ಮೂರು ಶಿಫ್ಟಿಗೆ ಮೂರು ಸೈರನ್ ಬಂದವು. ಸೈರನ್ ಕೂಗಿದರೆ ಊರಿಗೆ ಊರೇ ಉಣ್ಣುತ್ತಿತ್ತು, ಕೂಗಿದರೆ ಮಲಗುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಹೆಂಗಸರು ಬರಿಗಾಲಲ್ಲಿ ಬಾವಿಯ ಕಡೆಗೆ ಓಡುತ್ತಿದ್ದರು. ಇದನ್ನೆಲ್ಲ ಅಪ್ಪ ನನಗೆ ಆ ನೆಲದ ಮೇಲೆ ಕೂತೇ ಹೇಳಿದ್ದು. ಬೇರೆ ಮಕ್ಕಳಿಗೆ ರಾಜರ ಕಥೆ ಸಿಕ್ಕಿರಬಹುದು. ನನಗೆ ಸಿಕ್ಕಿದ್ದು ಇದು, ನನಗೆ ಇದೇ ರುಚಿಸಿತ್ತು.

ಗಣಿ ಹೇಗಿರುತ್ತದೆ ಎಂದು ತಿಳಿಸಲು ಅಪ್ಪನಿಗೆ ಆ ಟೈಲ್ಸಿಗಿಂತ ಒಳ್ಳೆಯ ಸಾಧನ ಬೇಕಿರಲಿಲ್ಲ. ನೆಲದಡಿಯ ಇದ್ದಲನ್ನು ಒಮ್ಮೆಗೇ ಬಾಚಿಕೊಂಡರೆ ಮೇಲಿನ ಬಂಡೆ ಕುಸಿಯುತ್ತದೆ. ಅದಕ್ಕೆ ಉದ್ದಕ್ಕೂ ಅಡ್ಡಕ್ಕೂ ದಾರಿ ಕೊರೆಯುತ್ತ ಹೋಗಿ, ನಡುವೆ ಇದ್ದಲನ್ನೇ ಚೌಕದ ಕಂಬಗಳಾಗಿ ಬಿಡುತ್ತಾರೆ. ಒಂದೊಂದು ಟೈಲು ಒಂದೊಂದು ಕಂಬ. ಟೈಲುಗಳ ನಡುವಿನ ಸಿಮೆಂಟಿನ ಗೆರೆಗಳೇ ಜನ ಓಡಾಡುವ ದಾರಿ. ಇದು ತಿಳಿದ ಮೇಲೆ ನಾನು ಮನೆಯಲ್ಲಿ ಗೆರೆಯ ಮೇಲಷ್ಟೇ ನಡೆಯತೊಡಗಿದೆ. ಟೈಲಿನ ಮೇಲೆ ಕಾಲಿಟ್ಟರೆ ಇದ್ದಲಿನೊಳಗೆ ಹೊಕ್ಕಂತೆ. ಬಚ್ಚಲಿಗೆ ಹೋಗುವುದೂ ಹಾಗೆಯೇ, ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ ಹಾಗೆಯೇ. ಅವ್ವ ನೋಡಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ನನಗಾಗ ಹತ್ತು ವರ್ಷ. ಆಡಲು ಯಾರೂ ಇರಲಿಲ್ಲ ಎಂಬುದನ್ನು ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ. ಉಳಿದ ಪಾಲುಗಳಲ್ಲಿ ಇದ್ದವರು ಬ್ಯಾಚುಲರ್‌ಗಳು, ಬೆಳಗಾಗುವ ಮೊದಲೇ ಕಂಪನಿಯ ಬಸ್ಸು ಹತ್ತುವವರು. ಗುಲಾಬಿ ಆಂಟಿಗೆ ಮಕ್ಕಳಿರಲಿಲ್ಲ. ಶಾಲೆಯ ಗೆಳತಿಯರು ಪಟ್ಟಣದ ಎತ್ತರದ ಕಟ್ಟಡಗಳಲ್ಲಿದ್ದರು. ಬನಿಯಾಸ್ ಎಂದರೆ ಅವರಿಗೆ ಮರಳುಗಾಡು. ಮಧ್ಯಾಹ್ನ ಬಸ್ಸಿಳಿದು, ಕಾಂಪೌಂಡಿನ ಕಬ್ಬಿಣದ ಬಾಗಿಲು ತಳ್ಳಿ ಒಳಗೆ ಬಂದರೆ ಎಸಿಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅವ್ವ ಮಲಗಿರುತ್ತಿದ್ದಳು. ನಾನು ಗೆರೆಗಳ ಮೇಲೆ ನಡೆಯುತ್ತ, ಇಲ್ಲದ ಜನರ ಜೊತೆ ಮಾತಾಡುತ್ತ ಹೊತ್ತು ಕಳೆಯುತ್ತಿದ್ದೆ. ಶುಕ್ರವಾರಕ್ಕಾಗಿ ಕಾಯುತ್ತಿದ್ದೆ. ಶುಕ್ರವಾರ ಅಪ್ಪನಿಗೆ ನಾನು ಬೇಕಾಗುತ್ತಿದ್ದೆ. ಅಳತೆ ಟೇಪಿನ ಒಂದು ತುದಿ ಅವನ ಕೈಯಲ್ಲಿದ್ದರೆ ಇನ್ನೊಂದು ತುದಿ ನನ್ನ ಕೈಯಲ್ಲಿರಬೇಕಿತ್ತು.

ಚಾಕಿನ ಈ ಕೆಲಸ ಶುರುವಾದದ್ದು ಒಂದು ಫೋನಿನಿಂದ. ಅಪ್ಪನ ತಮ್ಮ ಮಲ್ಲು ಕಾಕಾ ನಲ್ಲವಾಗಿನಲ್ಲೇ ಇದ್ದ. ಅಲ್ಲಿ ಒಂದು ಪದ್ಧತಿಯಿತ್ತು: ಗಣಿಯ ಧೂಳಿಗೆ ಎದೆ ಕೆಟ್ಟು, ಇವನಿಂದ ಇನ್ನು ಕೆಲಸವಾಗದು ಎಂದು ಡಾಕ್ಟರು ಬರೆದುಕೊಟ್ಟರೆ, ತಂದೆಯ ನೌಕರಿ ಮಗನಿಗೆ. ಒಬ್ಬ ಮಗನಿಗೆ ಮಾತ್ರ. ಈ ಒಂದು ನೌಕರಿಯ ಸಲುವಾಗಿ ಅಣ್ಣತಮ್ಮಂದಿರು ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯದಂತಾದ ಮನೆಗಳು ಸಾಲುಸಾಲಾಗಿ ಇದ್ದವಂತೆ. ಮುತ್ಯಾನ ನೌಕರಿ ಹಿರಿಯನಾದ ಅಪ್ಪನಿಗೆ ಬರಬೇಕಿತ್ತು. ಅಪ್ಪ ಅದನ್ನು ಜಗಳವಿಲ್ಲದೆ ತಮ್ಮನಿಗೆ ಬಿಟ್ಟುಕೊಟ್ಟು, ಎರಡು ವರ್ಷ ಗಣಿಯ ಸರ್ವೆಯವರ ಹಿಂದೆ ದಿನಗೂಲಿಗೆ ಅಳತೆಯ ಚೈನು ಎಳೆದ ಅನುಭವವನ್ನೇ ಬಂಡವಾಳ ಮಾಡಿಕೊಂಡು ಕೊಲ್ಲಿಗೆ ಬಂದು, ಕಟ್ಟಡ ಕಟ್ಟುವ ಕಂಪನಿಯಲ್ಲಿ ಸರ್ವೇಯರ್ ಆಗಿದ್ದ. ಊರವರು ಅವನನ್ನು ಧರ್ಮರಾಯ ಎಂದರು. ಅವ್ವ ದಡ್ಡ ಎಂದಳು. ಇಬ್ಬರಿಗೂ ಕಾರಣ ಗೊತ್ತಿರಲಿಲ್ಲ.

ಆ ದಿನ ಅಪ್ಪ ಕಾರ್ಡ್ ಹಾಕಿ ಕಾಕಾನಿಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಒತ್ತಿದ್ದ.

"ಅಣ್ಣಾ, ಹೊಸ ಮಷಿನ್ ಬಂದದ ನಮ್ಮ ನಾಲ್ಕನೇ ಬಾವಿಗಿ," ಎಂದ ಕಾಕಾ. "ಈಗ ನಿನ್ನ ಹಳೇ ಮೂರನೇ ಬಾವಿ ಕಡಿಗೇ ಹೊಂಟೀವಿ. ಬೆಣ್ಣಿ ಕಡ್ದಂಗ ಕಡೀಲಕತ್ತದ."

"ಮೂರನೇದು ಮುಚ್ಚಿ ನೀರು ತುಂಬ್ಯಾವಲ್ಲೋ."

"ತುಂಬಲಿ ಬಿಡು. ನಡುವ ಅರವತ್ತು ಮೀಟರ್ ಇದ್ದಲಿನ ಗೋಡಿ ಬಿಟ್ಟಾರ. ನಕ್ಷಾದಾಗ ಅದ."

ಅಪ್ಪ ಫೋನನ್ನು ಮಂಚದ ಮೇಲಿಟ್ಟ. ಕಾರ್ಡಿನ ದುಡ್ಡು ತೀರುವ ತನಕ ಕಾಕಾ ಹಲೋ ಹಲೋ ಎನ್ನುತ್ತಿದ್ದ. ಮರುದಿನ ಅಪ್ಪ ಸೈಟಿನಿಂದ ಬರುವಾಗ ಚಾಕ್‌ಪೀಸಿನ ಡಬ್ಬಿ ತಂದ.

ನಾಲ್ಕೈದು ಶುಕ್ರವಾರ ಅವನು ಬರೆದು ಒರೆಸಿದ, ಒರೆಸಿ ಬರೆದ. ಫ್ರಿಜ್ಜಿನ ಹತ್ತಿರ ಬಂದಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಒಂದು ಸಂಜೆ ನನ್ನನ್ನು ಹೊರಗೆ ಕರೆದ. ವಿಲ್ಲಾದ ಸುತ್ತ ಉದ್ದನೆಯ ಕಾಂಪೌಂಡಿತ್ತು. ಟೇಪಿನ ತುದಿ ನನ್ನ ಕೈಗೆ ಕೊಟ್ಟು, ನೀರಿನ ಟ್ಯಾಂಕಿನ ಹತ್ತಿರ ನಿಲ್ಲಿಸಿ, ಕಣ್ಣು ಮುಚ್ಚಿ ನಡೆಯತೊಡಗಿದ. ಎಡಗೈ ಪಕ್ಕಕ್ಕೆ ಚಾಚಿ, ಇಲ್ಲದ ಗೋಡೆಯನ್ನು ಸವರುತ್ತ. ಎಷ್ಟೋ ಹೆಜ್ಜೆ ಹೋದ ಮೇಲೆ ಒಂದು ಕಡೆ ತಟ್ಟನೆ ತಲೆ ಬಗ್ಗಿಸಿದ. ಮೇಲೆ ಬರೀ ಆಕಾಶ. ತಾನು ಬಗ್ಗಿದ್ದು ಅವನಿಗೇ ಆಶ್ಚರ್ಯವಾಗಿ ಕಣ್ಣು ತೆರೆದ.

"ಇಲ್ಲೇ ಸೂರು ತಗ್ಗ ಆಗಿತ್ತು, ನೀಲಾ. ಹೆಲ್ಮೆಟ್ಟು ಬಡೀತಿತ್ತು. ಇಲ್ಲಿಂದ ಮುಂದ ಇನ್ನ ಒಂದೂವರೆ ಚೈನ್, ನಲವತ್ತೈದು ಮೀಟರಿನ ಮ್ಯಾಲೇ, ಎಳ್ದೀನಿ ನಾ. ನಿಂದಿರು, ಕದಲಬ್ಯಾಡ."

ತಲೆ ಮರೆತದ್ದನ್ನು ಬೆನ್ನು ನೆನಪಿಟ್ಟುಕೊಂಡಿತ್ತು. ಒಳಗೆ ಬಂದು ಅಪ್ಪ ಫ್ರಿಜ್ಜನ್ನು ಪಕ್ಕಕ್ಕೆ ಸರಿಸಿ, ಅದರಡಿಯ ಧೂಳೊರೆಸಿ, ಅಲ್ಲಿ ಇನ್ನೂ ನಾಲ್ಕು ಗೆರೆ ಎಳೆದ. ಆಮೇಲೆ ಗೋಡೆಗೊರಗಿ ಕೂತು ನನಗೆ ಹೇಳಿದ. ನನಗೇ ಹೇಳಿದ, ಬೇರೆ ಯಾರಿಗೂ ಅದುವರೆಗೆ ಹೇಳಿರಲಿಲ್ಲ. ಮೂರನೇ ಬಾವಿ ಆ ಸೂರು ತಗ್ಗಾದ ಜಾಗಕ್ಕೇ ನಿಲ್ಲಬೇಕಿತ್ತಂತೆ. ಮುಂದಿನದು ಎರಡು ಬಾವಿಗಳ ನಡುವಿನ ಗೋಡೆ, ಮುಟ್ಟುವ ಹಾಗಿಲ್ಲ. ಆದರೆ ವರ್ಷದ ಕೊನೆ, ಮೇಲಿನವರು ಕೇಳಿದಷ್ಟು ಇದ್ದಲು ಬಂದಿಲ್ಲ. ಕಡಿಯಿರಿ ಎಂದ ಒಬ್ಬ ಅಧಿಕಾರಿ. ಕಡಿದರು. ಗೋಡೆಯನ್ನೇ ಕಡಿದರು. ಚೈನು ಎಳೆದವನು ಅಪ್ಪ. ಸರ್ವೆಯ ಹಿರಿಯ ಅವನಿಂದ ಪುಸ್ತಕದಲ್ಲಿ ಹಳೆಯ ಅಳತೆಯನ್ನೇ ಬರೆಸಿದ. ಆ ಸುಳ್ಳು ಅಳತೆಯೇ ನಕ್ಷೆಯಾಯಿತು. ಬಾವಿ ಮುಚ್ಚಿತು, ಪಂಪು ನಿಂತವು, ಖಾಲಿ ದಾರಿಗಳಲ್ಲೆಲ್ಲ ನೀರು ನಿಂತಿತು. ಅಪ್ಪನಿಗೆ ಆಮೇಲೆ ಕೆಳಗಿಳಿಯಲು ಕಾಲು ಬರಲಿಲ್ಲ. ಅವನು ನೌಕರಿಯನ್ನು ತಮ್ಮನಿಗೆ ಬಿಟ್ಟುಕೊಟ್ಟದ್ದು ಹಾಗೆ. ಈಗ ಅದೇ ನೌಕರಿಯ ಮೇಲೆ ತಮ್ಮ, ದಿನಕ್ಕೆ ಒಂದಿಷ್ಟರಂತೆ, ಆ ನೀರಿನ ಕಡೆಗೆ ನಡೆಯುತ್ತಿದ್ದ.

"ಅರವತ್ತು ಅಂತ ತಿಳ್ಕೊಂಡಾರ ಅವರು. ಹದಿನೈದೂ ಇಲ್ಲ. ಒಡದ್ರ ನೀರೆಲ್ಲಾ ಅವರ ಮ್ಯಾಲೇ," ಎಂದ ಅಪ್ಪ. "ನಾನೇ ಬರ್ದೀನಿ ತಾಯಿ. ಇದೇ ಕೈಲಿಂದ."

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳ ಕೈಯ ಹಿಟ್ಟು ಒಣಗಿ ಬಿರಿಯುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಜಗಳ ಒಂದು ವಾರ ನಡೆಯಿತು. ಒಂದೇ ಕೋಣೆಯಲ್ಲಿ ಜಗಳವಾಡುವವರು ದನಿ ಎತ್ತುವುದಿಲ್ಲ. ಜಿಪ್ಸಮ್ ಗೋಡೆಗೆ ಕಿವಿ ಹೆಚ್ಚು. ಅಪ್ಪ ಸರಿಯಾದ ನಕ್ಷೆ ಬರೆದು, ಜೊತೆಗೆ ತಪ್ಪೊಪ್ಪಿಗೆಯ ಕಾಗದವನ್ನೂ ಇಟ್ಟು, ಗಣಿಗಳ ಸುರಕ್ಷತೆ ನೋಡುವ ಸರ್ಕಾರಿ ಆಫೀಸಿಗೆ ಕಳಿಸುತ್ತೇನೆ ಎನ್ನುತ್ತಿದ್ದ.

"ಮಲ್ಲುಗ ಫೋನ್ ಮಾಡಿ ಹೇಳ್ರಿ," ಎನ್ನುತ್ತಿದ್ದಳು ಅವ್ವ. "ಆ ಕಡಿ ಡ್ಯೂಟಿ ತಗೋಬ್ಯಾಡ ಅಂತ ಹೇಳ್ರಿ. ಅಂವ ಉಳದ್ರ ಸಾಕಾಗಂಗಿಲ್ಲೇನು?"

"ಅಂವ ಒಬ್ಬನೇ ಇರ್ತಾನೇನು ಅಲ್ಲಿ? ಶಿಫ್ಟಿಗಿ ಮೂವತ್ತು ಮಂದಿ ಇರ್ತಾರ."

"ಆ ಮೂವತ್ತು ಮಂದಿ ಇಕಿಗಿ ಅನ್ನ ಹಾಕ್ತಾರೇನು? ಸುಳ್ಳು ಅಳತಿ ಬರ್ದೀನಿ ಅಂತ ನೀವೇ ಸಹಿ ಮಾಡಿ ಕೊಟ್ರ ನಾಳಿಗಿ ಇಲ್ಲಿ ಯಾರ ಸರ್ವೆ ಕೆಲಸ ಕೊಡ್ತಾರ? ವೀಸಾ ಖಲಾಸ್. ಇಕಿ ಸಾಲಿ ಖಲಾಸ್. ಏರ್‌ಪೋರ್ಟ್‌ನ್ಯಾಗೇ ನಿಮ್ಮನ್ನ ಹಿಡ್ಕೊಂಡು ಹೋಗ್ತಾರ. ಮಾವನ ಕ್ವಾರ್ಟರ್ಸು, ಮಲ್ಲುನ ನೌಕರಿ, ಯಾವುದು ಉಳೀತದ ಹೇಳ್ರಿ?"

ಅವಳು ಕೆಟ್ಟವಳಲ್ಲ. ಇದನ್ನು ನಾನು ಆಗ ಹೇಳಲಾರದೆ ಹೋದೆ, ಈಗ ಹೇಳುತ್ತಿದ್ದೇನೆ. ಗಂಡ ಯಾವಾಗ ಕೆಲಸ ಕಳೆದುಕೊಳ್ಳುತ್ತಾನೋ ಎಂದು ಹೆದರುತ್ತಲೇ ದಿನ ದೂಡುವ ಹೆಂಗಸರು ಕೊಲ್ಲಿಯಲ್ಲಿ ಮನೆಗೊಬ್ಬರಿದ್ದರು. ಮಲ್ಲು ಕಾಕಾನಿಗೆ ಅವಳೇ ಫೋನ್ ಮಾಡಿ, ಕಾರಣ ಹೇಳದೆ, ಆ ಕಡೆಯ ಡ್ಯೂಟಿ ಬಿಡು ಎಂದಳು. ಅವನು ನಕ್ಕ. "ವೈನಿ, ಮಷಿನಿನ ಮ್ಯಾಲ ಬೋನಸ್ ಅದ, ಈಗ ಹ್ಯಾಂಗ ಬಿಡ್ಲಿ?" ಎಂದ. ಅವ್ವ ಫೋನಿಟ್ಟು ಹಿಟ್ಟು ನಾದಲು ಹೋದಳು.

ಅಪ್ಪ ಕಳಿಸುವುದೆಂದು ನಿಶ್ಚಯಿಸಿದ. ನಕ್ಷೆಯನ್ನು ದೊಡ್ಡ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದು, ಮಡಚಿದರೆ ಗೆರೆ ಕೆಡುತ್ತದೆಂದು ಸುರುಳಿ ಸುತ್ತಿ, ಸೈಟಿನಿಂದ ತಂದ ಪ್ಲಾಸ್ಟಿಕ್ ಪೈಪಿನ ತುಂಡಿನೊಳಗೆ ತೂರಿಸಿದ. ಟಪಾಲಿನಲ್ಲಿ ಹೋದರೆ ಯಾವ ಕಪಾಟಿನ ಅಡಿ ಸೇರುತ್ತದೋ ಎಂಬ ಭಯ ಅವನಿಗೆ. ಕೈಯಿಂದ ಕೈಗೆ ಕೊಟ್ಟು, ಸಿಕ್ಕಿತು ಎಂದು ಸೀಲು ಹಾಕಿಸಿಕೊಂಡು ಬರುವವರು ಬೇಕಿತ್ತು. ಆಗೆಲ್ಲ ಇಲ್ಲಿಂದ ರಜೆಗೆ ಹೋಗುವವರ ಕೈಯಲ್ಲಿ ನಾಲ್ಕು ಮನೆಯವರು ಸಾಮಾನು ಕಳಿಸುವುದು ರೂಢಿ. ಔಷಧಿ, ಖರ್ಜೂರ, ಸೀರೆ, ಟೈಗರ್ ಬಾಮ್. ದುಬೈಯ ಅಲ್ ಕೂಜ್‌ನಲ್ಲಿ ಲಾರಿ ಓಡಿಸುತ್ತಿದ್ದ ಹುಮ್ನಾಬಾದಿನ ಖಾಜಾ ಮಾಮಾ ಸೋಮವಾರ ಊರಿಗೆ ಹೊರಟಿದ್ದ. ಶುಕ್ರವಾರ ಬಂದು ಪೈಪು ಒಯ್ಯುವುದೆಂದಾಯಿತು.

ಗುರುವಾರ ಮಧ್ಯಾಹ್ನ ನಾನು ಬಸ್ಸಿಳಿದು ಬಂದಾಗ ಅವ್ವ ಮಲಗಿರಲಿಲ್ಲ. ಮಂಚದ ಅಂಚಿಗೆ ಕೂತಿದ್ದಳು. ಪೈಪಿನ ತುದಿಗೆ ಸುತ್ತಿದ್ದ ಟೇಪು ಬಿಚ್ಚಿತ್ತು. ನಕ್ಷೆ, ಕಾಗದ ಎರಡೂ ಹೊರಗಿದ್ದವು. ಗೋಡೆಯ ಮೇಲಿದ್ದ ಬಕಾಲದ, ಅಂದರೆ ಕಿರಾಣಿ ಅಂಗಡಿಯ, ಕ್ಯಾಲೆಂಡರಿನ ಹಳೆಯ ತಿಂಗಳುಗಳನ್ನು ಹರಿದು, ಸುರುಳಿ ಮಾಡಿ, ಅವಳು ಪೈಪಿನೊಳಗೆ ತುರುಕುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಟೇಪನ್ನು ಅಪ್ಪ ಸುತ್ತಿದ ಹಾಗೆಯೇ ನೀಟಾಗಿ ಸುತ್ತಿದಳು. ನಕ್ಷೆ, ಕಾಗದ ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಕ್ಕಿಯ ಡ್ರಮ್ಮಿನ ತಳಕ್ಕೆ ಇಳಿಸಿದಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಬೈಯುತ್ತಾಳೆ, ಆಣೆ ಹಾಕಿಸುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನ ಯೂನಿಫಾರ್ಮಿನ ಗುಂಡಿ ಸರಿಮಾಡುತ್ತ, ದೊಡ್ಡವರ ಜೊತೆ ಮಾತಾಡುವ ಹಾಗೆ ಮಾತಾಡಿದಳು.

"ನನಗ ಭಾಳ ಅಂಜಿಕಿ ಆಗ್ಲಕತ್ತದ, ನೀಲಾ. ಇದು ಯಾರ ಮುಂದ ಹೇಳ್ಕೊಳ್ಳಿ ನಾ? ಈ ಊರಾಗ ನನಗಂತ ಯಾರ ಅದಾರ? ನೀ ಒಬ್ಬಾಕಿ ಇದ್ದಿ ಅಂತ ನಿನ್ನ ಮುಂದ ಹೇಳ್ಲಕತ್ತೀನಿ."

ಅದುವರೆಗೆ ಅವಳು ನನ್ನ ಜೊತೆ ಹಾಗೆ ಮಾತಾಡಿರಲಿಲ್ಲ. ನನಗೆ ಹೆದರಿಕೆಯಾಯಿತು, ಸಂತೋಷವೂ ಆಯಿತು. ಆ ಮಧ್ಯಾಹ್ನ ಅವಳು ನನಗೆ ಎಷ್ಟೋ ಹೇಳಿದಳು. ನನಗಿಂತ ಮೊದಲು ಹೋದ ಒಂದು ಮಗುವಿನ ಬಗ್ಗೆ, ಮದುವೆಯಾಗಿ ನಲ್ಲವಾಗಿಗೆ ಬಂದ ಹೊಸದರಲ್ಲಿ ಸೈರನ್ ಕೂಗಿದಾಗಲೆಲ್ಲ ಎದೆ ಹಿಡಿದುಕೊಂಡು ಕೂರುತ್ತಿದ್ದುದರ ಬಗ್ಗೆ. ಸಂಜೆ ನನಗೆ ಬೆಲ್ಲ ಹಾಕಿ ಮಾದಲಿ ಮಾಡಿಕೊಟ್ಟಳು. ನಾವಿಬ್ಬರೂ ಹತ್ತಿರ ಹತ್ತಿರ ಕೂತು ತಿಂದೆವು.

ಶುಕ್ರವಾರ ಖಾಜಾ ಮಾಮಾ ಬಂದು ಪೈಪು ಒಯ್ದ. ಶನಿವಾರ ಕಳೆಯಿತು. ಮೂವತ್ತು ಮಂದಿ ನನ್ನ ತಲೆಯೊಳಗೆ ಓಡಾಡುತ್ತಿದ್ದರು. ನಾನು ಗೆರೆಗಳ ಮೇಲೆ ನಡೆಯುವುದನ್ನು ಬಿಟ್ಟೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಿತ್ತು: ಉಗುಳಿದರೆ ಅವ್ವ, ನುಂಗಿದರೆ ಮಲ್ಲು ಕಾಕಾ. ಇಷ್ಟಾದರೂ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಭಾನುವಾರ ಅಪ್ಪ ಕೆಲಸದಿಂದ ಬಂದವನು ಹಾಡು ಗುನುಗುತ್ತ ಬಕೆಟ್ಟಿಗೆ ನೀರು ಹಿಡಿದ. ಒದ್ದೆ ಬಟ್ಟೆಯಿಂದ ಇಡೀ ನೆಲವನ್ನು ತಾನೇ ಒರೆಸಿದ. ಎಷ್ಟೋ ವಾರಗಳ ನಂತರ ಅವನ ಮುಖದಲ್ಲಿ ನಗು ಇತ್ತು.

"ತಗೋ, ಇನ್ನ ನಿನ್ನ ನೆಲ ನಿನಗ," ಎಂದ. "ಬುಧವಾರಕ್ಕ ಆಫೀಸರ್ ಕೈಯಾಗ ಇರ್ತದ. ಮಲ್ಲು ಉಳ್ದ. ನಾನೂ ಉಳ್ದೆ."

ಆ ನಗುವನ್ನು ನೋಡಲಾಗಲಿಲ್ಲ ನನ್ನಿಂದ.

"ಅಪ್ಪಾ, ಪೈಪಿನ್ಯಾಗ ಕ್ಯಾಲೆಂಡರ್ ಅದ."

ಅವನಿಗೆ ತಿಳಿಯಲಿಲ್ಲ. ನಾನು ಅಡುಗೆಮನೆಯ ಅಕ್ಕಿ ಡ್ರಮ್ಮಿನ ಕಡೆ ಕೈ ಮಾಡಿದೆ. ಅವನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಅಡುಗೆಮನೆಗೆ ಹೋಗಿ, ಅಕ್ಕಿಯೊಳಗೆ ಮೊಳಕೈ ತನಕ ಕೈ ಇಳಿಸಿದ. ಅವ್ವ ಒಲೆಯ ಮುಂದೆ ನಿಂತಿದ್ದಳು. ಅಪ್ಪ ಚೀಲವನ್ನು ಹೊರಗೆಳೆದು ಅಕ್ಕಿ ಕೊಡವಿದ. ಅವ್ವ ಅಪ್ಪನನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನನ್ನು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಪ್ಪ ಆ ಚೀಲವನ್ನು ಕಂಕುಳಲ್ಲಿಟ್ಟು, ನನ್ನ ಕೈ ಹಿಡಿದು ರಸ್ತೆಗೆ ಬಂದ. ದುಬೈ ಕಡೆಗೆ ಹೋಗುವ ಒಂದು ಶೇರ್ ಟ್ಯಾಕ್ಸಿ ಸಿಕ್ಕಿತು. ಅಲ್ ಕೂಜ್‌ನಲ್ಲಿ ಖಾಜಾ ಮಾಮಾನ ಕೋಣೆ ಹುಡುಕಿಕೊಂಡು ಹೋದಾಗ ಅವನು ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ಪೈಪು ಬಿಚ್ಚಿ ತೋರಿಸಿದಾಗ ಕ್ಯಾಲೆಂಡರಿನ ಮಾರ್ಚ್ ತಿಂಗಳು, ಅದರ ಮೇಲಿನ ಬಿರಿಯಾನಿ ಚಿತ್ರ ಹೊರಗೆ ಬಂತು. ಅವನು ಗಲ್ಲದ ಮೇಲೆ ಕೈಯಿಟ್ಟುಕೊಂಡ.

"ಯಾ ಅಲ್ಲಾ! ಅಣ್ಣಾ, ಇದು ಒಯ್ದು ಆಫೀಸರ್ ಮುಂದ ಬಿಚ್ಚಿದ್ರ ನನ್ನ ಒದ್ದು ಹೊರಗ ಹಾಕ್ತಿದ್ರಲ್ಲೋ!"

ಅವನು ನಕ್ಕ, ಅಪ್ಪನೂ ನಗಲು ನೋಡುತ್ತ ನಕ್ಷೆ, ಕಾಗದ ಎರಡನ್ನೂ ಮತ್ತೆ ಪೈಪಿಗೆ ತೂರಿಸಿದ. ನನಗೊಂದು ಪೆಪ್ಸಿ ಕೊಡಿಸಿದರು. ಮನೆಗೆ ಬಂದಾಗ ಎರಡು ತಟ್ಟೆ ಬಡಿಸಿ ಮುಚ್ಚಿಟ್ಟಿತ್ತು. ಅವ್ವ ಗುಲಾಬಿ ಆಂಟಿಯ ಕಡೆ ಹೋಗಿದ್ದಳು. ಜಿಪ್ಸಮ್ ಗೋಡೆಯ ಆಚೆ ಅವಳು ಅಳುತ್ತಿದ್ದುದೂ ಆಂಟಿ ಸಮಾಧಾನ ಮಾಡುತ್ತಿದ್ದುದೂ ಕೇಳುತ್ತಿತ್ತು. ಅವಳು ಏನು ಹೇಳುತ್ತಿದ್ದಾಳೆಂಬುದು ಮಾತ್ರ ಕೇಳುತ್ತಿರಲಿಲ್ಲ.

ಸೀಲು ಹಾಕಿಸಿದ ರಸೀದಿ ಬಂತು. ಆಮೇಲೆ ಎರಡು ತಿಂಗಳು ಏನೂ ಬರಲಿಲ್ಲ. ಒಂದು ದಿನ ಮಲ್ಲು ಕಾಕಾನೇ ಫೋನ್ ಮಾಡಿದ. ಅಪ್ಪ ಎಂದಿನಂತೆ ಸ್ಪೀಕರ್ ಒತ್ತಿದ.

"ಮಷಿನ್ ನಿಂದರ್ಸಿ ಮುಂದ ಉದ್ದಕ ಬೋರ್ ಹಾಕಿ ನೋಡಿದ್ರು, ಅಣ್ಣಾ. ಹದಿಮೂರು ಮೀಟರಿಗಿ ರಾಡ್ ತಳ್ಕೊಂಡು ನೀರು ಬಂತು. ನಾ ಅಲ್ಲೇ ನಿಂತಿದ್ದೆ. ಕೊಳತ ವಾಸನಿ. ಬೋರಿಗಿ ಬಿರಡಿ ಬಡದು ಓಡಿ ಬಂದೀವಿ."

"ಉಳದ್ರಲ್ಲಪ್ಪಾ," ಎಂದ ಅಪ್ಪ.

"ಜೀವ ಉಳೀತು ಖರೆ. ಬಾವಿ ಹೋಯ್ತು. ನಾಲ್ಕನೇದು ಮುಚ್ಚಿದ್ರು. ಯಾರು ಬರ್ದು ಕೊಟ್ರು ಅನ್ನೂದು ಎಲ್ಲಾರಿಗಿ ಗೊತ್ತಾಗ್ಯದ. ನಮ್ಮಪ್ಪ ಮನಿ ಹೊರಗ ಕುಂತ್ರ ಯಾರೂ ಮಾತಾಡ್ಸಂಗಿಲ್ಲ. ಮಂದಿನ್ನೆಲ್ಲಾ ಅಲ್ಲೊಬ್ರು ಇಲ್ಲೊಬ್ರು ಒಗದಾರ. ನನ್ನ ತೆರದ ಗಣಿಗಿ ಹಾಕ್ಯಾರ, ಮಣ್ಣಿನ ಲಾರಿ ಎಣಿಸ್ಲಿಕ್ಕ. ಮುಂದ ಫೋನ್ ಮಾಡಬ್ಯಾಡ ಅಣ್ಣಾ. ಸ್ವಲ್ಪ ದಿನ ಮಾಡಬ್ಯಾಡ."

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅಪ್ಪನನ್ನು ಯಾರೂ ಹಿಡಿಯಲಿಲ್ಲ. ಸುಳ್ಳು ಬರೆಸಿದವರೆಲ್ಲ ಸತ್ತಿದ್ದರು ಇಲ್ಲವೇ ನಿವೃತ್ತರಾಗಿದ್ದರು, ಕಡತ ಎಲ್ಲೋ ಮುಚ್ಚಿಹೋಯಿತು. ಅವನ ಕೆಲಸವೂ ಉಳಿಯಿತು. ಅವ್ವ ಹೆದರಿದ್ದು ಯಾವುದೂ ಆಗಲಿಲ್ಲ. ಹೆದರದೇ ಇದ್ದದ್ದು ಆಯಿತು. ಮುತ್ಯಾ ತೀರಿಕೊಂಡ ಸುದ್ದಿ ನಮಗೆ ಮೂರು ವಾರ ತಡವಾಗಿ, ಖಾಜಾ ಮಾಮಾನಿಂದ ತಿಳಿಯಿತು. ಕೆಲವು ವರ್ಷಗಳಲ್ಲಿ ನೆಲದಡಿಯ ಬಾವಿಗಳ ಕಾಲವೇ ಮುಗಿಯಿತು. ಮೇಲಿನ ಮಣ್ಣನ್ನೆಲ್ಲ ಎತ್ತಿ ಹಾಕಿ ಇದ್ದಲು ತೆಗೆಯುವ ದೊಡ್ಡ ಯಂತ್ರಗಳು ಬಂದು, ಮೂರನೇ ಬಾವಿ, ನಾಲ್ಕನೇ ಬಾವಿ, ನಡುವಿನ ಗೋಡೆ, ಸಾಲುಮನೆ, ಆಸ್ಪತ್ರೆ ಎಲ್ಲವನ್ನೂ ಒಂದೇ ಹಳ್ಳ ಮಾಡಿದವು. ಅಪ್ಪ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ. ಹೋಗಲು ಅಲ್ಲಿ ಏನೂ ಉಳಿದಿರಲಿಲ್ಲ, ಕರೆಯುವವರೂ ಇರಲಿಲ್ಲ.

ಕಾಕಾನ ಆ ಫೋನು ಬಂದ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅದಕ್ಕೆ ಮುಂಚಿನ ಎರಡು ತಿಂಗಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಮೂವತ್ತು ಮಂದಿ ಉಳಿದರಲ್ಲ, ಈಗಲಾದರೂ ನನ್ನನ್ನು ಹತ್ತಿರ ಕರೆದುಕೊಳ್ಳುತ್ತಾಳೆ ಎಂದು ಆಸೆ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಶಾಂತವಾಗಿಯೇ ಹೇಳಿದಳು.

"ನೀ ಮಾಡಿದ್ದು ಸರಿ ಅದ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಒಂದು ತಿಳ್ಕೋ. ಇನ್ನ ಮ್ಯಾಲ ನನ್ನ ಹೊಟ್ಟ್ಯಾನ ಮಾತು ನಿನ್ನ ಮುಂದ ಬರಂಗಿಲ್ಲ."

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವ್ವನ ಈ ಮಾತು ಹೋಗಲಿಲ್ಲ, ಇಲ್ಲೇ ಉಳಿಯಿತು. ಅವಳು ನನ್ನನ್ನು ಚೆನ್ನಾಗಿಯೇ ಬೆಳೆಸಿದಳು. ತಲೆ ಬಾಚಿದಳು, ಜ್ವರ ಬಂದಾಗ ಎದ್ದು ಕೂತಳು, ಮದುವೆಯಲ್ಲಿ ಎಲ್ಲರಂತೆ ಅತ್ತಳು. ಯಾವ ಸೀರೆ, ಯಾವ ಪಲ್ಯ, ಯಾರ ಮನೆಗೆ ಏನು ಕೊಡಬೇಕು ಎಂದೆಲ್ಲ ಹೇಳಿಕೊಟ್ಟಳು. ತನ್ನದೆನ್ನುವುದನ್ನು ಮಾತ್ರ ಹೇಳಲಿಲ್ಲ. ಅಪ್ಪ ಸತ್ತಾಗಲೂ ಹೇಳಲಿಲ್ಲ. ನಾನು ಇಂದಿಗೂ ಯಾರ ಗುಟ್ಟನ್ನೂ ಕೇಳಲು ಹೆದರುತ್ತೇನೆ. ಯಾರಾದರೂ "ನಿನಗೊಬ್ಬಳಿಗೇ ಹೇಳ್ತೀನಿ" ಎಂದರೆ ಎದ್ದು ನೀರು ಕುಡಿಯಲು ಹೋಗುತ್ತೇನೆ. ಮತ್ತೆ ಆ ಭಾನುವಾರ ಬಂದರೆ ಏನು ಮಾಡುತ್ತೀ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳುತ್ತೇನೆ. ಹೇಳಿ, ಇಷ್ಟೇ ಒಂಟಿಯಾಗುತ್ತೇನೆ.

ಈಗ ಅವ್ವ ನನ್ನ ಜೊತೆ ಅಬುಧಾಬಿ ಪಟ್ಟಣದ ಖಾಲಿದಿಯಾದ ಫ್ಲಾಟಿನಲ್ಲಿದ್ದಾಳೆ. ಗುಲಾಬಿ ಆಂಟಿ ಎಂದೋ ಊರಿಗೆ ಮರಳಿದರು. ಸಂಜೆ ಆರಕ್ಕೆ ಇಬ್ಬರ ಫೋನು ಶುರುವಾಗುತ್ತದೆ. ನಾನು ಆಫೀಸಿನಿಂದ ಬಂದು ಲಿಫ್ಟಿನಿಂದ ಇಳಿದರೆ ಕಾರಿಡಾರಿನ ತನಕ ಅವ್ವನ ದನಿ ಕೇಳುತ್ತದೆ. ತುಂಬಿದ ದನಿ. ಮೊಣಕಾಲ ನೋವು, ಹೋದ ಮಗು, ಅಪ್ಪ, ರಾತ್ರಿ ಬೀಳುವ ಕನಸು, ಎಲ್ಲ ಅದರಲ್ಲಿರುತ್ತದೆ. ಮೊದಮೊದಲು ನಾನು ಬಾಗಿಲು ತೆರೆದು ಒಳಗೆ ಹೋಗುತ್ತಿದ್ದೆ. "ಇಕಿ ಬಂದಳು ಗುಲಾಬಿ, ಇಡ್ತೀನಿ," ಎಂದು ಅವಳು ಫೋನಿಟ್ಟು ನನಗೆ ಚಹಾ ಮಾಡಲು ಏಳುತ್ತಿದ್ದಳು. ಈಗ ನಾನು ಹೋಗುವುದಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅವಳ ಮಾತು ಮುಗಿಯುವ ತನಕ ಬಾಗಿಲ ಹೊರಗೇ ನಿಲ್ಲುತ್ತೇನೆ.